ಕಾಫಿ ತೋಟದ ‘ಆದ್ರೆ’ಗಳನ್ನು ಗ್ರಾಫ್‌ನಲ್ಲಿ ಹಿಡಿಯುವುದು: ಕೋಗುಯಿ, ಚಾರ್ಜರ್ ತಂತ್ರಾಂಶಗಳ ವಿಮರ್ಶೆ

ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರದ ಕಡೆ ತೋಟದ ಬಗ್ಗೆ ಯಾರನ್ನೇ ಏನೇ ಕೇಳಿ, ಮೊದಲ ಮಾತು ನಿಯಮ, ಎರಡನೆಯ ಮಾತು ‘ಆದ್ರೆ’. ಅರೇಬಿಕಾಕ್ಕೆ ಮುಂಗಾರಿನ ಮೊದಲು ಬೋರ್ಡೋ (ಎಲೆ ತುಕ್ಕು ರೋಗ ತಡೆಯುವ ಮೈಲುತುತ್ತ-ಸುಣ್ಣದ ದ್ರಾವಣ) ಹೊಡೀಬೇಕು, ಆದ್ರೆ ಚಂದ್ರಗಿರಿ ತಳಿ ಇದ್ರೆ ತೋಟ ನೋಡಿ ಹೇಳ್ಬೇಕು. ಮೈಲುತುತ್ತ ಎಷ್ಟೋ ಸುಣ್ಣವೂ ಅಷ್ಟೇ, ಆದ್ರೆ ಸುಣ್ಣ ಹಳೇದಾಗಿದ್ರೆ ಲೆಕ್ಕ ಬೇರೆ. ರೋಬಸ್ಟಾಕ್ಕೆ ಹೂಮಳೆ ಬಿದ್ರೆ ಸಮಾಧಾನ, ಆದ್ರೆ ಹೂ ಅರಳಿದ ದಿನವೇ ಮಳೆ ಸುರಿದ್ರೆ ಕಾಯಿ ಕಟ್ಟೋದು ಕಷ್ಟ. ತೋಟದ ತಿಳಿವಳಿಕೆಯ ಬೆಲೆ ಇರುವುದೇ ಈ ಎರಡನೆಯ ಮಾತಿನಲ್ಲಿ. ಮೊದಲನೆಯದು ಯಾವ ಕರಪತ್ರದಲ್ಲಾದರೂ ಸಿಗುತ್ತದೆ.

ಈ ತಿಳಿವಳಿಕೆಯನ್ನು ಕಂಪ್ಯೂಟರಿಗೆ ತುಂಬಲು ಹೊರಟವರು ಹೆಚ್ಚಾಗಿ ಎಡವುವುದೂ ಅಲ್ಲೇ. ನಿಯಮ ಒಳಗೆ ಹೋಗುತ್ತದೆ, ಅಪವಾದ ಹೊರಗೆ ಉಳಿಯುತ್ತದೆ. ಆದ್ದರಿಂದ ಈ ವಿಮರ್ಶೆಯಲ್ಲಿ ಎರಡು ಉಚಿತ ತಂತ್ರಾಂಶಗಳನ್ನು ಒಂದೇ ಪ್ರಶ್ನೆಯಿಂದ ಅಳೆದಿದ್ದೇವೆ: ಕಾನ್ಸೆಪ್ಚುಯಲ್ ಗ್ರಾಫ್ ಪದ್ಧತಿಯಲ್ಲಿ ಅಪವಾದ ಬರೆಯುವುದಕ್ಕೆ ಇವು ಎಷ್ಟರಮಟ್ಟಿಗೆ ಒದಗುತ್ತವೆ? ಒಂದು ಕೋಗುಯಿ, ಫ್ರಾನ್ಸಿನ ಮಾಂಟ್‌ಪೆಲಿಯೆಯ ಲಿರ್ಮ್ ಪ್ರಯೋಗಾಲಯದಿಂದ ಬಂದದ್ದು. ಇನ್ನೊಂದು ಚಾರ್ಜರ್, ಅಮೆರಿಕದ ಹಂಟ್ಸ್‌ವಿಲ್‌ನ ಅಲಬಾಮಾ ವಿಶ್ವವಿದ್ಯಾಲಯದಲ್ಲಿದ್ದ ಹ್ಯಾರಿ ಡೆಲುಗಾಚ್ ಕಟ್ಟಿದ್ದು. ಎರಡೂ ಜಾವಾದಲ್ಲಿ ಓಡುತ್ತವೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಡ. ಸಿಗ್ನಲ್ ಸಿಗದ ಎಸ್ಟೇಟ್ ಆಫೀಸಿನಲ್ಲೂ ಕೆಲಸ ಮಾಡಬಹುದು ಎಂಬುದು ಮಲೆನಾಡಿನಲ್ಲಿ ಸಣ್ಣ ಮಾತಲ್ಲ.

ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಕಾನ್ಸೆಪ್ಚುಯಲ್ ಗ್ರಾಫ್ ಎಂದರೆ ಚೌಕಗಳು ಮತ್ತು ಅಂಡಾಕಾರಗಳು, ನಡುವೆ ಗೆರೆಗಳು. ಚೌಕ ಒಂದು ವಸ್ತುವನ್ನು, ಅಂಡಾಕಾರ ವಸ್ತುಗಳ ನಡುವಿನ ಸಂಬಂಧವನ್ನು ಹೇಳುತ್ತದೆ. ಜಾನ್ ಸೋವಾ 1976ರಲ್ಲಿ ಐಬಿಎಂ ಸಂಶೋಧನಾ ಪತ್ರಿಕೆಯ ಲೇಖನದಲ್ಲಿ ಇದನ್ನು ಮುಂದಿಟ್ಟರು, 1984ರ ಪುಸ್ತಕದಲ್ಲಿ ವಿಸ್ತರಿಸಿದರು. ಅದರ ಬೇರು ಅಮೆರಿಕದ ತರ್ಕಶಾಸ್ತ್ರಜ್ಞ ಚಾರ್ಲ್ಸ್ ಪರ್ಸ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶುರುಮಾಡಿದ ತರ್ಕಚಿತ್ರಗಳಲ್ಲಿದೆ. ಸಾಲಿನಲ್ಲಿ ಬರೆದರೆ ಹೀಗೆ ಕಾಣುತ್ತದೆ:

[ಅರೇಬಿಕಾ: ಗಿಡ-12] → (ಬಾಧೆ) → [ಎಲೆ ತುಕ್ಕು]

ಹನ್ನೆರಡನೆಯ ಅರೇಬಿಕಾ ಗಿಡಕ್ಕೆ ಎಲೆ ತುಕ್ಕು ಬಿದ್ದಿದೆ, ಅಷ್ಟೇ. ಚೌಕದಲ್ಲಿರುವ ‘ಅರೇಬಿಕಾ’ ಒಂದು ಟೈಪ್. ಟೈಪ್‌ಗಳೆಲ್ಲ ಏಣಿಯಂತೆ ಒಂದರ ಕೆಳಗೊಂದು ನಿಲ್ಲುತ್ತವೆ: ಗಿಡ, ಅದರ ಕೆಳಗೆ ಕಾಫಿ, ಅದರ ಕೆಳಗೆ ಅರೇಬಿಕಾ ಮತ್ತು ರೋಬಸ್ಟಾ, ಅರೇಬಿಕಾದ ಕೆಳಗೆ ಎಸ್.795, ಕಾವೇರಿ, ಚಂದ್ರಗಿರಿ. ‘ತುಕ್ಕು ಬಿದ್ದ ಕಾಫಿ ಗಿಡ ಯಾವುದು?’ ಎಂಬ ಪ್ರಶ್ನೆಯೂ ಒಂದು ಗ್ರಾಫೇ. ಪ್ರಶ್ನೆಯ ಗ್ರಾಫನ್ನು ಸಂಗತಿಯ ಗ್ರಾಫಿನ ಮೇಲೆ ಕೂರಿಸಿ ನೋಡುವುದೇ ಉತ್ತರ ಹುಡುಕುವ ಕ್ರಮ. ಇದಕ್ಕೆ ಪ್ರೊಜೆಕ್ಷನ್ ಎನ್ನುತ್ತಾರೆ. ಕಾಫಿ ಎಂದು ಕೇಳಿದರೆ ಅರೇಬಿಕಾ ಸಿಗುತ್ತದೆ, ಏಕೆಂದರೆ ಅದು ಏಣಿಯಲ್ಲಿ ಕೆಳಗಿದೆ.

ಈಗ ಪರೀಕ್ಷೆ. ಮೊದಲಿಗೆ ಯಾರೂ ತಕರಾರು ತೆಗೆಯಲಾಗದ ಅಪವಾದವನ್ನೇ ತೆಗೆದುಕೊಳ್ಳೋಣ. ಕಾಫಿ ಕುಲದ ಗಿಡಗಳಿಗೆ 22 ವರ್ಣತಂತು. ಅರೇಬಿಕಾಕ್ಕೆ ಮಾತ್ರ 44. ಕೋಗುಯಿಯಲ್ಲಿ ಎರಡು ನಿಯಮ ಬರೆಯಿರಿ: ಕಾಫಿ ಗಿಡವಾದರೆ ವರ್ಣತಂತು 22, ಅರೇಬಿಕಾ ಗಿಡವಾದರೆ 44. ನಿಯಮಗಳನ್ನು ಓಡಿಸಿ ಗಿಡ-12ನ್ನು ನೋಡಿದರೆ ಅದರಿಂದ ಎರಡು ಗೆರೆ ಹೊರಟಿರುತ್ತವೆ, ಒಂದು 22ಕ್ಕೆ, ಇನ್ನೊಂದು 44ಕ್ಕೆ. ಕೆಳಗಿನ ಟೈಪಿನ ನಿಯಮ ಮೇಲಿನದನ್ನು ಅಳಿಸುತ್ತದೆ ಎಂದುಕೊಂಡು ಬಂದವರಿಗೆ ಇದು ದೊಡ್ಡ ಪೆಟ್ಟು. ಜಾವಾ ಕಲಿತ ವಿದ್ಯಾರ್ಥಿಗಳು ಇಲ್ಲಿ ತಪ್ಪುವುದು ಸಹಜ. ಅಲ್ಲಿ ಕೆಳಗಿನ ಕ್ಲಾಸ್ ಮೇಲಿನ ಕ್ಲಾಸಿನ ವರ್ತನೆಯನ್ನು ಬದಲಿಸಬಲ್ಲದು. ಇಲ್ಲಿ ಹಾಗಿಲ್ಲ. ಕೋಗುಯಿಯ ಸಾದಾ ನಿಯಮ ಸೇರಿಸಬಲ್ಲದು, ತೆಗೆಯಲಾರದು. ಅರೇಬಿಕಾ ಕೂಡ ಕಾಫಿಯೇ ಆದ್ದರಿಂದ ಕಾಫಿಯ ನಿಯಮವೂ ನ್ಯಾಯವಾಗಿಯೇ ಹಚ್ಚುತ್ತದೆ. ತಂತ್ರಾಂಶ ಮಾಡಿದ್ದು ಸರಿ, ಬರೆದವರ ‘ಎಲ್ಲ ಕಾಫಿಗೂ’ ಎಂಬ ಮಾತೇ ತಪ್ಪು.

ಇದನ್ನು ಪತ್ತೆಹಚ್ಚಲು ಕೋಗುಯಿ ಕೊಡುವ ಸಾಧನ ನಿರ್ಬಂಧ. ‘ಒಂದೇ ಗಿಡಕ್ಕೆ 22 ಮತ್ತು 44 ಎರಡೂ ಇರಕೂಡದು’ ಎಂಬ ನಿಷೇಧದ ಗ್ರಾಫನ್ನು ಸೇರಿಸಿದರೆ, ಪರಿಶೀಲನೆಯ ಹೊತ್ತಿಗೆ ಗಿಡ-12 ಸಿಕ್ಕಿಬೀಳುತ್ತದೆ. ನಿರ್ಬಂಧ ಬರೆಯದಿದ್ದರೆ ವಿರೋಧ ಸುಮ್ಮನೆ ಒಳಗೆ ಕೂತಿರುತ್ತದೆ, ಯಾರಿಗೂ ಕಾಣುವುದಿಲ್ಲ. ಆದ್ದರಿಂದ ನಮ್ಮ ಮೊದಲ ಸಲಹೆ: ಒಂದು ಅಪವಾದ ಬರೆಯುವ ಮುನ್ನ ಅದಕ್ಕೆ ಜೋಡಿಯಾದ ನಿರ್ಬಂಧವನ್ನು ಬರೆಯಿರಿ. ನಿರ್ಬಂಧ ಜಗಳ ಬಿಡಿಸುವುದಿಲ್ಲ, ಜಗಳ ಇದೆ ಎಂದು ಕೂಗಿ ಹೇಳುತ್ತದೆ. ಅಷ್ಟಾದರೂ ಬೇಕು.

ಬಿಡಿಸುವ ಸುಲಭ ದಾರಿ ಏಣಿಗೆ ಇನ್ನೊಂದು ಮೆಟ್ಟಿಲು ಸೇರಿಸುವುದು. ಕಾಫಿಯ ಕೆಳಗೆ ‘ಡಿಪ್ಲಾಯ್ಡ್ ಕಾಫಿ’ (ವರ್ಣತಂತುಗಳ ಎರಡೇ ಜೊತೆ ಇರುವ ಕಾಫಿ) ಎಂಬ ಟೈಪ್ ಮಾಡಿ ರೋಬಸ್ಟಾ, ಲೈಬೀರಿಕಾ, ಕಾಂಗೆನ್ಸಿಸ್‌ಗಳನ್ನು ಅದರಡಿ ತಂದು, 22ರ ನಿಯಮವನ್ನು ಅಲ್ಲಿಗೆ ಇಳಿಸಿದರೆ ಮುಗಿಯಿತು. ಅರೇಬಿಕಾ ಹೊರಗೆ ಉಳಿಯಿತು. ಜಾತಿಯ ಗೆರೆಯಲ್ಲೇ ಅಪವಾದ ಬಿದ್ದಾಗ ಇದಕ್ಕಿಂತ ಒಳ್ಳೆಯ ಮಾರ್ಗ ಇಲ್ಲ, ಬೇರೆ ಏನನ್ನೂ ಹುಡುಕಬೇಡಿ.

ಆದರೆ ಎರಡನೆಯ ಅಪವಾದಕ್ಕೇ ಈ ದಾರಿ ಇಕ್ಕಟ್ಟಾಗುತ್ತದೆ. ಡಿಪ್ಲಾಯ್ಡ್ ಕಾಫಿಗಳಿಗೆ ತಮ್ಮ ಪರಾಗ ತಮಗೆ ಒಗ್ಗುವುದಿಲ್ಲ. ರೋಬಸ್ಟಾ ತೋಟದಲ್ಲಿ ಒಂದೇ ಕ್ಲೋನ್ ನೆಡಬಾರದು ಎನ್ನುವುದು ಇದೇ ಕಾರಣಕ್ಕೆ. ಹೆಟೆರೋಕ್ಯಾಲಿಕ್ಸ್ ಮತ್ತು ಆಂಥೋನಿಯೈ ಎಂಬ ಎರಡು ಆಫ್ರಿಕನ್ ಜಾತಿಗಳು ಡಿಪ್ಲಾಯ್ಡ್ ಆಗಿದ್ದೂ ಸ್ವಪರಾಗಕ್ಕೆ ಒಗ್ಗುತ್ತವೆ. ಅಪವಾದದೊಳಗೆ ಇನ್ನೊಂದು ಅಪವಾದ. ಮತ್ತೆ ಏಣಿ ಸೀಳಬೇಕು. ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ 5 ಅಪವಾದಗಳು ಬಂದರೆ, ಎಲ್ಲ ಜೋಡಣೆಗೂ ಟೈಪ್ ಬೇಕೆಂದಾಗ 32ರವರೆಗೆ ಹೋಗುತ್ತದೆ. 8 ಬಂದರೆ 256. ಅಷ್ಟು ಮೆಟ್ಟಿಲ ಏಣಿಯನ್ನು ಓದಲು ಯಾವ ಪ್ಲಾಂಟರಿಗೂ ತಾಳ್ಮೆ ಇರುವುದಿಲ್ಲ. ‘ತುಕ್ಕು-ತಡೆಯುವ-ನೆರಳಿನ-ಹಳೆಯ-ಅರೇಬಿಕಾ’ ಎಂಬಂಥ ಹೆಸರು ಕಾಣಿಸಿಕೊಂಡರೆ ಅಲ್ಲಿಗೆ ನಿಲ್ಲಿಸಿ. ಅದು ಟೈಪ್ ಅಲ್ಲ, ಟೈಪಿನ ವೇಷದಲ್ಲಿರುವ ನಿಯಮ.

ಚಾರ್ಜರ್ ಕಡೆಗೆ ಬಂದರೆ ಅಲ್ಲಿ ಇನ್ನೊಂದು ಬಗೆಯ ದಾರಿ ಇದೆ: ಪರ್ಸ್ ಬಿಟ್ಟುಹೋದ ‘ಕಟ್’. ಗ್ರಾಫಿನ ಒಂದು ಭಾಗವನ್ನು ಗೆರೆಯಿಂದ ಸುತ್ತುಹಾಕಿದರೆ ಅದರೊಳಗಿನದು ‘ಅಲ್ಲ’ ಎಂದರ್ಥ. ‘ಇದಿದ್ದರೆ ಅದು’ ಎಂದು ಹೇಳಲು ಎರಡು ಕಟ್ ಬೇಕು, ಹೊರಗೊಂದು, ಒಳಗೊಂದು. ಅರೇಬಿಕಾ ಗಿಡವನ್ನು ಹೊರಗಿನ ಕಟ್ಟಿನಲ್ಲಿ, ತುಕ್ಕಿನ ಸಿಂಪಡಣೆಯನ್ನು ಒಳಗಿನ ಕಟ್ಟಿನಲ್ಲಿ ಇಟ್ಟರೆ ‘ಅರೇಬಿಕಾವಾದರೆ ಸಿಂಪಡಿಸಬೇಕು’. ಅಪವಾದಕ್ಕೆ ಹೊರಗಿನ ಕಟ್ಟಿನೊಳಗೇ, ಒಳಗಿನ ಕಟ್ಟಿನ ಪಕ್ಕದಲ್ಲಿ, ಮೂರನೆಯ ಕಟ್ ಹಾಕಿ ‘ತುಕ್ಕು ತಡೆಯುವ ತಳಿ’ ಎಂದು ಬರೆಯುತ್ತಾರೆ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ: ಅರೇಬಿಕಾ ಇದ್ದು, ತಡೆಯುವ ತಳಿ ಅಲ್ಲದಿದ್ದರೆ, ಸಿಂಪಡಿಸಬೇಕು.

ತೊಂದರೆ ಇರುವುದು ‘ಅಲ್ಲದಿದ್ದರೆ’ ಎಂಬ ಮಾತಿನಲ್ಲಿ. ಇದನ್ನು ಹತ್ತಿರದಿಂದ ನೋಡಬೇಕು. ಒಂದು ಬ್ಲಾಕಿನಲ್ಲಿ ಅರೇಬಿಕಾ ಇದೆ, ಯಾವ ತಳಿ ಎಂದು ರಿಜಿಸ್ಟರಿನಲ್ಲಿ ಇಲ್ಲ. ಮನೆ ಹಿರಿಯರು ನೆಟ್ಟದ್ದು, ಕೇಳಲು ಅವರಿಲ್ಲ. ಕಟ್ಟಿನ ಲೆಕ್ಕದಲ್ಲಿ ‘ಇದು ತಡೆಯುವ ತಳಿ ಅಲ್ಲ’ ಎಂದು ಸಾಧಿಸಿ ತೋರಿಸಿದರೆ ಮಾತ್ರ ನಿಯಮ ಮುಂದೆ ಹೋಗುತ್ತದೆ. ತೋರಿಸಲಾಗದಿದ್ದರೆ ಗ್ರಾಫ್ ಮೌನ. ಸಿಂಪಡಿಸು ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಮೇ ತಿಂಗಳ ಕೊನೆಯಲ್ಲಿ ಮೋಡ ಕಟ್ಟಿರುವಾಗ ಈ ಮೌನದಿಂದ ಯಾರಿಗೂ ಉಪಯೋಗವಿಲ್ಲ. ತೋಟದ ಮನುಷ್ಯ ಹಾಗೆ ಯೋಚಿಸುವುದೂ ಇಲ್ಲ. ‘ಬೇರೆ ಗೊತ್ತಾಗುವವರೆಗೆ ಸಾಮಾನ್ಯ ಗಿಡ ಅಂತಲೇ ತಿಳಿದು ಹೊಡೀರಿ’ ಎನ್ನುತ್ತಾನೆ. ‘ಅಲ್ಲ’ ಎಂಬುದೂ ‘ಗೊತ್ತಿಲ್ಲ’ ಎಂಬುದೂ ಒಂದೇ ಅಲ್ಲ. ಅಪವಾದಕ್ಕೆ ಬೇಕಾದದ್ದು ಎರಡನೆಯದು, ಕಟ್ ಕೊಡುವುದು ಮೊದಲನೆಯದನ್ನು.

ಶಾಲೆಯ ವ್ಯಾಕರಣ ನೆನಪಿರುವವರಿಗೆ ಇದು ಹೊಸದೇನಲ್ಲ. ಸ್ವರದ ಮುಂದೆ ಸ್ವರ ಬಂದರೆ ಸಂಧಿ. ‘ಅಯ್ಯೋ ಇದೇನು’ ಎಂಬಲ್ಲಿ ಮಾತ್ರ ಇಲ್ಲ, ಅದು ಪ್ರಕೃತಿಭಾವ. ಸಂಧಿ ಮಾಡುವ ಮುನ್ನ ಪ್ರತಿ ಪದವನ್ನೂ ‘ಇದು ಭಾವಸೂಚಕ ಅಲ್ಲ’ ಎಂದು ಸಾಧಿಸುತ್ತ ಯಾರೂ ಕೂರುವುದಿಲ್ಲ. ಸಾಮಾನ್ಯ ಸೂತ್ರ ತನ್ನ ಪಾಡಿಗೆ ನಡೆಯುತ್ತದೆ, ಅಪವಾದ ಕಂಡಲ್ಲಿ ಅದು ಎದ್ದು ತಡೆಯುತ್ತದೆ. ಸಂಸ್ಕೃತ ವೈಯಾಕರಣರು ಇದಕ್ಕೆ ಉತ್ಸರ್ಗ, ಅಪವಾದ ಎಂದು ಹೆಸರಿಟ್ಟು, ಅಪವಾದಕ್ಕೇ ಬಲ ಹೆಚ್ಚು ಎಂದರು. ಗ್ರಾಫಿಗೂ ಬೇಕಾದ ಶಿಸ್ತು ಇದೇ.

ಈ ಶಿಸ್ತಿಗೆ ತರ್ಕದ ರೂಪ ಕೊಟ್ಟವರು ರೇಮಂಡ್ ರೈಟರ್, 1980ರಲ್ಲಿ, ಡಿಫಾಲ್ಟ್ ತರ್ಕ ಎಂಬ ಹೆಸರಿನಲ್ಲಿ. ಮಾಂಟ್‌ಪೆಲಿಯೆಯ ಸಂಶೋಧಕರಾದ ಬಾಜೆ, ಕ್ರೊಯಿತೋರು ಮತ್ತು ಸಂಗಡಿಗರು 2009ರಲ್ಲಿ ಅದನ್ನು ಕಾನ್ಸೆಪ್ಚುಯಲ್ ಗ್ರಾಫಿನ ನಿಯಮಗಳಿಗೆ ಹೊಂದಿಸಿದರು. ಅವರ ಕೈಯಲ್ಲಿದ್ದದ್ದೂ ಕೃಷಿಯ ಸಮಸ್ಯೆಯೇ, ಆಹಾರ ಸಂಸ್ಕರಣೆಯಲ್ಲಿ ಯಾವ ಹಂತಕ್ಕೆ ಏನಾಗುತ್ತದೆ ಎಂದು ಮೊದಲೇ ಹೇಳುವುದು. ಡಿಫಾಲ್ಟ್ ನಿಯಮಕ್ಕೆ ಮೂರು ಭಾಗ: ಷರತ್ತು, ತಡೆ, ಫಲ. ಷರತ್ತು ಸಿಕ್ಕಿ, ತಡೆ ಗೊತ್ತಿರುವ ಸಂಗತಿಗಳಿಂದ ಹುಟ್ಟದೆ ಇದ್ದರೆ, ಫಲ. ಮೇಲಿನ ಬ್ಲಾಕಿಗೆ ಇದು ‘ಸಿಂಪಡಿಸು’ ಎಂದು ಉತ್ತರ ಕೊಡುತ್ತದೆ. ನಾಳೆ ಆ ಗಿಡ ಚಂದ್ರಗಿರಿ ಎಂದು ತಿಳಿದರೆ ಉತ್ತರ ಹಿಂದಕ್ಕೆ ಹೋಗುತ್ತದೆ.

ಕೋಗುಯಿಯ ಸಾದಾ ನಿಯಮಗಳಿಂದಲೇ ಇದೇ ಫಲ ಪಡೆಯುವ ಕೈಕೆಲಸವೊಂದಿದೆ. ದಿನನಿತ್ಯದ ಬಳಕೆಗೆ ಅದು ಸಾಕು. ಕೋಗುಯಿಯಲ್ಲಿ ಒಂದು ಚೌಕಕ್ಕೆ ಎರಡು ಟೈಪ್ ಒಟ್ಟಿಗೆ ಕೊಡಬಹುದು, ಮತ್ತು ಯಾವ ಎರಡು ಟೈಪ್ ಒಟ್ಟಿಗೆ ಬರಕೂಡದು ಎಂದು ನಿಷೇಧಿಸಬಹುದು. ‘ತುಕ್ಕು-ಸಾಮಾನ್ಯ’ ಮತ್ತು ‘ತುಕ್ಕು-ಅಪವಾದ’ ಎಂಬ ಎರಡು ಟೈಪ್ ಮಾಡಿ, ಅವು ಒಂದೇ ಗಿಡದ ಮೇಲೆ ಕೂರದಂತೆ ನಿಷೇಧ ಹಾಕಿ. ಸಿಂಪಡಣೆಯ ನಿಯಮವನ್ನು ‘ಅರೇಬಿಕಾ ಮತ್ತು ತುಕ್ಕು-ಸಾಮಾನ್ಯ’ ಎಂಬ ಜೋಡಿಗೆ ಮಾತ್ರ ಬರೆಯಿರಿ. ಆಮೇಲೆ ಕ್ರಮ ತಪ್ಪಬಾರದು: ಮೊದಲು ಅಪವಾದ ಹುಟ್ಟಿಸುವ ನಿಯಮಗಳನ್ನಷ್ಟೇ ಹೊಸದೇನೂ ಹುಟ್ಟದ ತನಕ ಓಡಿಸಬೇಕು. ನಂತರ ‘ತುಕ್ಕು-ಅಪವಾದ ಯಾವುವು?’ ಎಂದು ಪ್ರಶ್ನೆ ಹಾಕಿ ಪಟ್ಟಿ ತೆಗೆಯಬೇಕು. ಪಟ್ಟಿಯಲ್ಲಿಲ್ಲದ ಅರೇಬಿಕಾ ಗಿಡಗಳಿಗೆಲ್ಲ ‘ತುಕ್ಕು-ಸಾಮಾನ್ಯ’ ಸೇರಿಸಬೇಕು. ಕೊನೆಗೆ ಸಾಮಾನ್ಯ ನಿಯಮಗಳು. ಕ್ರಮ ಅದಲುಬದಲಾದರೆ ಅಪವಾದದ ಗಿಡಕ್ಕೂ ಸಿಂಪಡಣೆ ಅಂಟಿಕೊಳ್ಳುತ್ತದೆ. ಆಗ ನಿಷೇಧ ಅದನ್ನು ಹಿಡಿದುಕೊಡುತ್ತದೆ, ಅದಕ್ಕೇ ಅದನ್ನು ಮೊದಲೇ ಹಾಕಿದ್ದು.

ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಒಂದು, ಬರೀ ‘ಸಾಮಾನ್ಯ’, ‘ಅಪವಾದ’ ಎಂದು ಹೆಸರಿಡುವುದು. ಹಾಗೆ ಮಾಡಿದರೆ ತುಕ್ಕಿನ ವಿಷಯದಲ್ಲಿ ಅಪವಾದವಾದ ಚಂದ್ರಗಿರಿ ಕಾಂಡಕೊರಕದ ವಿಷಯದಲ್ಲೂ ಅಪವಾದವಾಗಿಬಿಡುತ್ತದೆ. ಆಗ ಬಿಳಿ ಕಾಂಡಕೊರಕಕ್ಕೆ ಅದನ್ನು ಪರೀಕ್ಷಿಸಿ ಎಂಬ ಸೂಚನೆಯೇ ಬರುವುದಿಲ್ಲ. ತೋಟಕ್ಕೆ ಇದು ನಿಜವಾದ ಅಪಾಯ. ಯಾವ ವಿಷಯದಲ್ಲಿ ಅಪವಾದ ಎಂಬುದು ಹೆಸರಿನಲ್ಲೇ ಇರಬೇಕು. ಇನ್ನೊಂದು, ಹುಟ್ಟಿದ ಫಲಗಳನ್ನು ಮೂಲ ಸಂಗತಿಗಳ ಕಡತದಲ್ಲೇ ಉಳಿಸುವುದು. ಹೊಸ ಸಂಗತಿ ಬಂದಾಗ ಹಳೆಯ ಫಲ ತಾನಾಗಿ ಅಳಿಯುವುದಿಲ್ಲ, ಏಕೆಂದರೆ ನಿಯಮ ಸೇರಿಸಬಲ್ಲದು, ತೆಗೆಯಲಾರದು. ಮೂಲ ಸಂಗತಿಗಳಿಗೆ ಒಂದು ಕಡತ, ಫಲಗಳಿಗೆ ಇನ್ನೊಂದು. ತಿದ್ದುಪಡಿ ಬಂದಾಗಲೆಲ್ಲ ಎರಡನೆಯದನ್ನು ಎಸೆದು ಮೊದಲಿನಿಂದ ಓಡಿಸಿ.

ತುಕ್ಕಿನ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ‘ಈ ತಳಿ ತುಕ್ಕು ತಡೆಯುತ್ತದೆ’ ಎಂದು ತಳಿಯ ಚೌಕಕ್ಕೆ ಅಂಟಿಸಿಬಿಡುವುದು ಎಲ್ಲರೂ ಮಾಡುವ ಕೆಲಸ. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿರುವ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ತಳಿಗಳ ಚರಿತ್ರೆಯೇ ಇದು ಸಾಲದು ಎಂದು ತೋರಿಸುತ್ತದೆ. ಎಸ್.288 ಮತ್ತು ಕೆಂಟ್ಸ್ ಕೂಡಿಸಿ ಪಡೆದ ಎಸ್.795 ಬಂದ ಕಾಲಕ್ಕೆ ತುಕ್ಕಿಗೆ ಚೆನ್ನಾಗಿ ನಿಂತಿತು. ಶಿಲೀಂಧ್ರದ ಹೊಸ ಪ್ರಭೇದಗಳು ಬಂದ ಮೇಲೆ ಆ ಬಲ ಕುಗ್ಗಿತು. ಕಾವೇರಿಯ ಕಥೆಯೂ ಅದೇ. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿಯ ಬಗ್ಗೆ ಬರೆಯುವವರೂ ಇದನ್ನು ಮರೆಯಬಾರದು. ತಡೆ ಎನ್ನುವುದು ತಳಿಯ ಗುಣವಲ್ಲ. ಅದು ತಳಿ, ತುಕ್ಕಿನ ಪ್ರಭೇದ, ಕಾಲ, ಈ ಮೂರರ ನಡುವಿನ ಸಂಬಂಧ. ಕಾನ್ಸೆಪ್ಚುಯಲ್ ಗ್ರಾಫಿನ ನಿಜವಾದ ಅನುಕೂಲ ಇಲ್ಲಿ ಗೊತ್ತಾಗುತ್ತದೆ: ‘ತಡೆ’ ಎಂಬ ಅಂಡಾಕಾರಕ್ಕೆ ಮೂರು ತೋಳು ಕೊಡಬಹುದು. ಒಂದು ಎಸ್.795ಕ್ಕೆ, ಎರಡನೆಯದು ಪ್ರಭೇದಕ್ಕೆ, ಮೂರನೆಯದು ವರ್ಷಕ್ಕೆ. ಕೋಗುಯಿಯಲ್ಲಿ ಸಂಬಂಧ ಘೋಷಿಸುವಾಗಲೇ ಎಷ್ಟು ತೋಳು, ಯಾವ ತೋಳಿಗೆ ಯಾವ ಟೈಪ್ ಎಂದು ಹೇಳಬೇಕಾಗುತ್ತದೆ. ಆಮೇಲೆ ಅವಸರದಲ್ಲಿ ವರ್ಷದ ಜಾಗದಲ್ಲಿ ತಳಿ ಎಳೆದರೆ ತಪ್ಪು ಸಿಕ್ಕಿಬೀಳುತ್ತದೆ. ಬರೀ ಎಕ್ಸೆಲ್ ಹಾಳೆಯಲ್ಲಿ ‘ತುಕ್ಕು: ಇಲ್ಲ’ ಎಂದು ಬರೆದಿಟ್ಟವರಿಗೆ ಈ ಕಾವಲು ಇರುವುದಿಲ್ಲ.

ಬೋರ್ಡೋ ದ್ರಾವಣದ ಅಪವಾದ ಇನ್ನೊಂದು ಜಾತಿಯದು. ಶೇ. 0.5ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 200 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಆಗದು. ಒಂದಕ್ಕೊಂದು ಸಮ ಎಂಬ ನಿಯಮ ನಿಲ್ಲುವುದು ಸುಣ್ಣ ಚೆನ್ನಾಗಿದ್ದರೆ. ಹಳೆಯ, ಗಾಳಿ ಹೀರಿದ ಸುಣ್ಣವಾದರೆ ತಾಮ್ರ ಪೂರ್ತಿ ಕಟ್ಟಿಕೊಳ್ಳದೆ ಉಳಿದು ಎಲೆ ಸುಡುತ್ತದೆ. ಗೊತ್ತಾಗುವುದು ಹೇಗೆ? ತೊಳೆದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದರೆ ಅಲಗಿನ ಮೇಲೆ ಕೆಂಪು ಪೊರೆ ಕಾಣುತ್ತದೆ. ಆಗ ಪೊರೆ ಬರುವುದು ನಿಲ್ಲುವ ತನಕ ಸುಣ್ಣದ ನೀರು ಸೇರಿಸಬೇಕು. ಈ ಅಪವಾದವನ್ನು ಗ್ರಾಫಿನಲ್ಲಿ ‘ಕೆಟ್ಟ ಸುಣ್ಣ’ ಎಂಬ ಟೈಪ್ ಮಾಡಿ ಬರೆದರೆ ಯಾರಿಗೂ ಪ್ರಯೋಜನವಿಲ್ಲ, ಏಕೆಂದರೆ ಚೀಲ ನೋಡಿದರೆ ಸುಣ್ಣ ಕೆಟ್ಟಿದೆಯೆಂದು ತಿಳಿಯುವುದಿಲ್ಲ. ತಡೆಯ ಭಾಗಕ್ಕೆ ಕಣ್ಣಿಗೆ ಕಾಣುವ ಸಂಗತಿಯನ್ನೇ ಕಟ್ಟಬೇಕು:

[ದ್ರಾವಣ: *ದ] ← (ಅದ್ದಿದ್ದು) ← [ಕಬ್ಬಿಣದ ಚಾಕು] → (ಮೇಲ್ಮೈ) → [ಕೆಂಪು ಪೊರೆ]

‘*ದ’ ಎಂದರೆ ಯಾವುದೋ ಒಂದು ದ್ರಾವಣ. ಇದು ಕಂಡರೆ ‘ಸಿಂಪಡಣೆಗೆ ಸಿದ್ಧ’ ಎಂಬ ಫಲ ತಡೆಯಬೇಕು, ‘ಸುಣ್ಣ ಸೇರಿಸು’ ಎಂಬುದು ಹುಟ್ಟಬೇಕು. ಯಾವುದೇ ಅಪವಾದ ಬರೆಯುವಾಗ ‘ಇದನ್ನು ತೋಟದಲ್ಲಿ ಯಾರು, ಹೇಗೆ ಗುರುತಿಸುತ್ತಾರೆ?’ ಎಂದು ಕೇಳಿಕೊಳ್ಳಿ. ಉತ್ತರ ಇಲ್ಲದ ಅಪವಾದ ಎಂದೂ ಎದ್ದು ತಡೆಯುವುದಿಲ್ಲ.

ಮಳೆಯ ವಿಷಯದಲ್ಲಿ ಚಾರ್ಜರ್ ಮುಂದಿದೆ. ಗ್ರಾಫನ್ನು ಗ್ರಾಫಿನ ಮೇಲೆ ಕೂರಿಸುವ ಕೆಲಸಕ್ಕೆ ಲೆಕ್ಕ ಬರುವುದಿಲ್ಲ. 18ಕ್ಕಿಂತ 30 ದೊಡ್ಡದು ಎಂಬುದು ಅದಕ್ಕೆ ತಿಳಿಯದು, ಅವು ಎರಡು ಬೇರೆ ಹೆಸರುಗಳಷ್ಟೇ. ಚಾರ್ಜರ್‌ನಲ್ಲಿ ಆ್ಯಕ್ಟರ್ ಎಂಬ ಸಾಧನ ಇದೆ. ಅದು ಚೌಕದಿಂದ ಸಂಖ್ಯೆ ತೆಗೆದು ಲೆಕ್ಕ ಮಾಡಿ ಇನ್ನೊಂದು ಚೌಕಕ್ಕೆ ಹಾಕುತ್ತದೆ. ತೋಟದಲ್ಲಿ ಮಳೆ ಅಳೆಯುವುದು ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ, 100 ಸೆಂಟ್ಸ್‌ಗೆ 1 ಇಂಚು. ಸಂಶೋಧನೆಯ ಕಾಗದ ಮಿಲಿಮೀಟರಿನಲ್ಲಿ ಮಾತಾಡುತ್ತದೆ. 120 ಸೆಂಟ್ಸನ್ನು 0.254ರಿಂದ ಗುಣಿಸಿದರೆ 30.48 ಮಿ.ಮೀ. ಈ ಗುಣಾಕಾರ, ಹೋಲಿಕೆ ಎರಡನ್ನೂ ಗ್ರಾಫಿನೊಳಗೇ ಮಾಡಬಹುದು. ಕೋಗುಯಿಗೆ ಕೊಡುವಾಗ ಮಳೆಯನ್ನು ಮೊದಲೇ ‘ಸಾಲದ ಹೂಮಳೆ’, ‘ಸಾಕಾದ ಹೂಮಳೆ’ ಎಂದು ವಿಂಗಡಿಸಿ ಟೈಪ್ ಆಗಿ ಕೊಡಿ.

ನೆರಳು ಮತ್ತು ಕಾಂಡಕೊರಕದ ಬಗ್ಗೆ ಒಂದು ಎಚ್ಚರಿಕೆ. ಬಿಸಿಲು ಬೀಳುವ ಕಾಂಡಕ್ಕೆ ಕೊರಕದ ಕಾಟ ಹೆಚ್ಚು, ನೆರಳು ಚೆನ್ನಾಗಿದ್ದರೆ ಕಡಿಮೆ. ಇದನ್ನು ‘ನೆರಳಿದ್ದರೆ ಕೊರಕ ಇಲ್ಲ’ ಎಂದು ಅಪವಾದವಾಗಿ ಬರೆಯುವವರಿದ್ದಾರೆ. ಅದು ಅಪವಾದ ಅಲ್ಲ, ಪ್ರಮಾಣ. ನೆರಳಿನ ಅರೇಬಿಕಾವನ್ನೂ ಗಿಡಗಿಡವಾಗಿ ನೋಡಲೇಬೇಕು. ‘ಕಡಿಮೆ’ ಎಂಬ ಮಾತನ್ನು ‘ಇಲ್ಲ’ ಎಂದು ಗ್ರಾಫಿಗೆ ಏರಿಸಬೇಡಿ.

ಎರಡು ಡಿಫಾಲ್ಟ್‌ಗಳು ಎದುರುಬದುರಾದಾಗ ಏನು? ಸಿ×ಆರ್ ಎಂಬ ಮಿಶ್ರತಳಿಗೆ ಕಾಂಗೆನ್ಸಿಸ್ ಒಂದು ಕಡೆಯ ಮೂಲ, ರೋಬಸ್ಟಾ ಇನ್ನೊಂದು ಕಡೆಯದು. ಕಾಂಗೆನ್ಸಿಸ್ ಕಾಂಗೋ ನದಿಯ ದಂಡೆಯ ಗಿಡ, ನೆರೆನೀರಿಗೆ ಹೊಂದಿಕೊಂಡದ್ದು. ತೋಟದ ಕಾಫಿಗೆ ಬೇರಿನಲ್ಲಿ ನೀರು ನಿಲ್ಲಬಾರದು ಎಂಬುದು ರೋಬಸ್ಟಾಕ್ಕೂ ಹೇಳುವ ಮಾತು. ಸಿ×ಆರ್ ಅನ್ನು ಏಣಿಯಲ್ಲಿ ಎರಡರ ಕೆಳಗೂ ಇಟ್ಟರೆ ಎರಡು ಡಿಫಾಲ್ಟ್ ಎರಡು ಕಡೆಗೆ ಎಳೆಯುತ್ತವೆ. ಒಂದು ಇನ್ನೊಂದಕ್ಕಿಂತ ಹೆಚ್ಚು ನಿರ್ದಿಷ್ಟವಲ್ಲದ್ದರಿಂದ ‘ಕೆಳಗಿನದಕ್ಕೇ ಬಲ’ ಎಂಬ ಸೂತ್ರವೂ ನಡೆಯದು. ಡಿಫಾಲ್ಟ್ ತರ್ಕ ಇಲ್ಲಿ ಉತ್ತರಗಳ ಎರಡು ಬೇರೆ ಬೇರೆ ಗುಂಪು ಕೊಡುತ್ತದೆ. ಅದೇ ಪ್ರಾಮಾಣಿಕ. ಮೇಲೆ ಹೇಳಿದ ಕೈಕೆಲಸದಲ್ಲಿ ಮಾತ್ರ ಯಾವ ನಿಯಮವನ್ನು ಮೊದಲು ಓಡಿಸಿದಿರೋ ಅದು ಗೆದ್ದುಬಿಡುತ್ತದೆ, ಸದ್ದಿಲ್ಲದೆ. ಇಂಥ ಜೋಡಿಗಳನ್ನು ಮೊದಲೇ ಗುರುತಿಸಿ ‘ತೋಟ ನೋಡಿ ತೀರ್ಮಾನಿಸಿ’ ಎಂಬ ಫಲ ಕೊಡುವ ಮೂರನೆಯ ನಿಯಮ ಬರೆಯುವುದು ಮೇಲು.

ಕನ್ನಡದಲ್ಲಿ ಹೆಸರು ತುಂಬುವವರಿಗೆ ಕೆಲವು ಕಷ್ಟಗಳಿವೆ, ತಂತ್ರಾಂಶದ ತಪ್ಪಿಲ್ಲ. ‘ರೋಬಸ್ಟಾ’ದ ‘ರೋ’ ಯುನಿಕೋಡಿನಲ್ಲಿ ಎರಡು ಬಗೆಯಲ್ಲಿ ಬರಬಹುದು: ಓತ್ವದ ಚಿಹ್ನೆ ಇಡಿಯಾಗಿ, ಇಲ್ಲವೇ ಬಿಡಿಬಿಡಿ ಚಿಹ್ನೆಗಳಾಗಿ. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ‘ಗ್ರಾಫ್‌ಗೆ’ ಎಂಬಂಥ ಪದದ ನಡುವೆ ಕಾಣದಂತೆ ಕೂರುವ ಜೋಡಣೆ ತಡೆಯುವ ಅಕ್ಷರವೂ ಹಾಗೆಯೇ. ಹೆಸರುಗಳ ಪಟ್ಟಿಯನ್ನು ಒಬ್ಬರೇ, ಒಂದೇ ಕೀಲಿಮಣೆಯಲ್ಲಿ, ಮೊದಲೇ ತಯಾರಿಸಿ, ಯುನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ (ಚಿಹ್ನೆಗಳು ಇಡಿಯಾಗಿರುವ ರೂಪ) ತಂದು, ಅಲ್ಲಿಂದ ನಕಲು ಮಾಡಿ ಅಂಟಿಸಿ. ‘ರೊಬಸ್ಟ’, ‘ರೋಬಸ್ಟಾ’ ಎಂದು ಇಬ್ಬರು ಎರಡು ರೀತಿ ಬರೆದರೆ ಅಪವಾದ ಒಂದರ ಮೇಲೆ, ನಿಯಮ ಇನ್ನೊಂದರ ಮೇಲೆ ಕೂತು, ಯಾವ ತಡೆಯೂ ಕೆಲಸ ಮಾಡುವುದಿಲ್ಲ. ಅಕ್ಷರದ ಜಾಗದಲ್ಲಿ ಡಬ್ಬಿ ಕಂಡರೆ ಕನ್ನಡ ಫಾಂಟ್ ಹಾಕಿಕೊಂಡು ತಂತ್ರಾಂಶವನ್ನು ಮತ್ತೆ ತೆರೆಯಿರಿ.

ತಳಿಯ ವಂಶಾವಳಿ ತುಂಬುವವರು ‘ಪ್ರತಿ ಗಿಡಕ್ಕೂ ಒಂದು ತಾಯಿಗಿಡ ಇದೆ’ ಎಂಬ ನಿಯಮ ಬರೆಯಬಾರದು. ಮಾತು ನಿಜ. ಆದರೆ ಓಡಿಸಿದರೆ ತಾಯಿ, ತಾಯಿಯ ತಾಯಿ, ಅದರ ತಾಯಿ ಎಂದು ಹೊಸ ಚೌಕಗಳು ಹುಟ್ಟುತ್ತಲೇ ಇರುತ್ತವೆ, ಕೊನೆ ಇಲ್ಲ. ಪ್ರೊಜೆಕ್ಷನ್ ಕೂಡ ತಾತ್ತ್ವಿಕವಾಗಿ ಕಠಿಣ ಲೆಕ್ಕ, ಎನ್‌ಪಿ-ಕಂಪ್ಲೀಟ್. ಪ್ರಶ್ನೆಯ ಗ್ರಾಫ್ ಮರದಂತೆ ಕವಲೊಡೆದು ಸುತ್ತಿ ಬರದಂತೆ ಇದ್ದರೆ ಆ ತಾಪತ್ರಯ ಇಲ್ಲ. ಒಂದು ತೋಟದ ಗಾತ್ರಕ್ಕೆ ಇದರ ಚಿಂತೆ ಬೇಡ.

ಅಂಕ ಕೊಡುವುದಾದರೆ ಅಪವಾದದ ಮಟ್ಟಿಗೆ ಕೋಗುಯಿಗೆ ಐದಕ್ಕೆ ನಾಲ್ಕು. ನಿರ್ಬಂಧ, ಜೋಡಿ ಟೈಪ್, ನಿಷೇಧ ಈ ಮೂರೂ ಒಂದೇ ಕಡೆ ಸಿಗುವುದು ದೊಡ್ಡ ವಿಷಯ. ಚಾರ್ಜರ್‌ಗೆ ಎರಡೂವರೆ. ಚಿತ್ರ ಬರೆಯಲು, ಲೆಕ್ಕಕ್ಕೆ, ತರಗತಿಯಲ್ಲಿ ಕಟ್ ತೋರಿಸಲು ಅದು ಸೊಗಸು, ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದರಿಂದಲೇ ಶುರುಮಾಡಲಿ. ನಿಯಮ ಓಡಿಸಿ ಉತ್ತರ ಪಡೆಯುವ ಕೆಲಸಕ್ಕೆ ಅದು ಸಾಲದು. ಚಾರ್ಜರ್ ತನ್ನ ಗ್ರಾಫನ್ನು ಸಿಜಿಐಎಫ್ ಎಂಬ ರೂಪದಲ್ಲಿ ಹೊರಗೆ ಕೊಡುತ್ತದೆ. ಅದು 2007ರ ಅಂತರರಾಷ್ಟ್ರೀಯ ಮಾನಕ 24707ರ ಒಂದು ಭಾಷೆ. ಆ ಭಾಷೆಗೆ ಡಿಫಾಲ್ಟ್ ಗೊತ್ತಿಲ್ಲ. ಡಿಫಾಲ್ಟ್ ನಿಯಮವನ್ನು ಅದರಲ್ಲಿ ಬರೆದು ಕಳಿಸಿದರೆ ಆ ಕಡೆಯವರು ಅದನ್ನು ಅಪವಾದವಿಲ್ಲದ ನಿಯಮ ಎಂದೇ ಓದುತ್ತಾರೆ.

ಇದನ್ನು ತಪ್ಪಿಸಲು ಅಪವಾದವನ್ನೇ ಒಂದು ಚೌಕವಾಗಿ ಬರೆದಿಡಿ. ಅದಕ್ಕೆ ನಾಲ್ಕು ಗೆರೆ: ಯಾವ ನಿಯಮವನ್ನು ತಡೆಯುತ್ತದೆ, ಏನು ಕಂಡಾಗ ತಡೆಯುತ್ತದೆ, ಹೇಳಿದವರು ಯಾರು, ಯಾವ ವರ್ಷದ ಮಾತು. ತಂತ್ರಾಂಶ ಇದನ್ನು ನಿಯಮವಾಗಿ ಓಡಿಸದಿದ್ದರೂ ಸಂಗತಿಯಾಗಿ ಉಳಿಸುತ್ತದೆ, ಹೊರಗೆ ಕಳಿಸಿದಾಗಲೂ ಅದು ಜೊತೆಯಲ್ಲೇ ಹೋಗುತ್ತದೆ. ಎಸ್.795ರ ಚೌಕದ ಪಕ್ಕದಲ್ಲಿ ಇಂಥದೊಂದು ಚೌಕವಿದ್ದು, ಅದರ ವರ್ಷದ ಗೆರೆ ಹಳೆಯದಾಗಿದ್ದರೆ, ಅದನ್ನು ಮತ್ತೆ ಕೇಳಿ ತಿಳಿಯಬೇಕು ಎಂದು ಮುಂದೆ ಕಡತ ತೆರೆಯುವವರಿಗೆ ಕಾಣುತ್ತದೆ.